ಹಂಡೇದಾಗಿನ ವಾಚು

1938 ಆಗಸ್ಟ್ 1, ಸೋಮವಾರ. ಮುಂಜಾನೆ 6ಕ್ಕ

ಕೀಲಿ ಕೊಟ್ಟಾತು. ಐದೂ ವಾಚಿಗೆ. ಮೊದಲ ಗುಂಡಂದು. ಆಮ್ಯಾಲ ಮುಚ್ಚಳದ್ದು. ಆಮ್ಯಾಲ ಚಂದ್ರಂದು — ಅದರ ಮಾರಿ ಮ್ಯಾಲ ಒಂದು ಸಣ್ಣ ಚಂದ್ರ ಹುಣ್ಣಿವಿಯಿಂದ ಅಮಾಸಿಗೆ ಸರಕೋಂತ ಹೋಗ್ತಾನ. ಆಮ್ಯಾಲ ಕಿಟಕಿ ವಾಚು. ಅದಕ್ಕ ಮುಳ್ಳ ಇಲ್ಲ. ಎರಡು ಸಣ್ಣ ಕಿಟಕಿ, ಒಳಗ ಅಂಕಿ. ತಾಸು ತುಂಬಿದ ಕೂಡಲೆ ಅಂಕಿ ಠಕ್ ಅಂತ ಜಿಗೀತೈತಿ. ಇಡೀ ಧಾರವಾಡ ಜಿಲ್ಲಾದಾಗ ಇಂಥಾದ್ದು ಇನ್ನೊಂದಿಲ್ಲ ಅಂತ ಗಡಿಯಾರ ರಿಪೇರಿ ಹಸನಸಾಬ ಹೇಳ್ಯಾನ. ಕಡೀಕ ಹೆಣ್ಮಕ್ಕಳ ಸಣ್ಣ ಚೌಕಿನದು. ಎಲ್ಲಾ ಸ್ವಿಸ್. ಎಲ್ಲಾ ಬಂಗಾರ. ಹದಿಮೂರು ವರ್ಷ ಹುಬ್ಬಳ್ಳಿ, ಬೆಳಗಾಂವಿ, ಮುಂಬೈ ತಿರುಗಿ ಕೂಡಿಸಿದ್ದು.

ಕೀಲಿ ಕೊಟ್ಟು, ಅಪ್ಪನ ಹಳೇ ಎಲಿ-ಅಡಿಕಿ ಪೆಟ್ಟಿಗ್ಯಾಗ ಮಖಮಲ್ಲಿನ ಮ್ಯಾಲ ಮಲಗಿಸಿ ತ್ವಾಟಕ್ಕ ಹೊಂಟೆ. ಬರಿಗೈಲೆ. ಎಲಿ ವ್ಯಾಪಾರದವನ ಕೈ ಮುಂಜಾನಿಂದ ಸಂಜೀತನಕ ಹಸಿ. ಎಲಿ ಬಾಡಬಾರದು ಅಂದ್ರ ನೀರ ಹೊಡೀತಿರಬೇಕು, ಬುಟ್ಟಿ ತಿರುವುತಿರಬೇಕು. ವಾಚಿನೊಳಗ ಒಂದು ಹನಿ ಹೊಕ್ಕರ ಮುಗೀತು. ಹನ್ನೆರಡು ವರ್ಷದ ಹಿಂದ ಒಂದು ಹಂಗ ಸತ್ತೈತಿ. ಆವಾಗಿಂದ ಒಂದನ್ನೂ ಕೈಗೆ ಕಟ್ಟಿಲ್ಲ.

ವೀರವ್ವ ಇವತ್ತೂ ಅಂದ್ಳು, "ಹಲ್ಲಿದ್ದವ್ರಿಗೆ ಕಡ್ಲಿ ಇಲ್ಲ, ಕಡ್ಲಿ ಇದ್ದವ್ರಿಗೆ ಹಲ್ಲಿಲ್ಲ ಅಂತಾರ. ನಿಮಗ ಎರಡೂ ಅದಾವ, ಬಾಯಿ ತೆಗಿಯೂದ ಬರವಲ್ದು."

ಹೆಂಡತಿ. ಏನ ಹೇಳೂದು.

ಆಗಸ್ಟ್ 4, ಗುರುವಾರ. ರಾತ್ರಿ

ದೀಪದಾಗ ಎಣ್ಣಿ ಮುಗಿಯಾಕ ಬಂದೈತಿ. ಆದ್ರೂ ಬರೀತೇನಿ.

ಗುರುವಾರ ಹುಲಗೂರ ದರ್ಗಾಕ್ಕ ಎಲಿ ಒಯ್ಯೂದು ರೂಢಿ. ಬರೂ ಮುಂದ ಚಾಂದಬಿ ಅಮ್ಮಾರ ಮನಿಗೆ ಒಂದು ಕಟ್ಟು ಎಲಿ ಪುಕ್ಕಟೆ. ಇದು ಅಪ್ಪನ ಕಾಲದ್ದು. ಆಕಿ ಗಂಡ ಕರೀಮಸಾಬ ಅಪ್ಪನ ಗೆಳ್ಯಾ. ಮುಂಬೈದಾಗ ಒಬ್ಬ ಪಾರ್ಸಿ ಶೇಟಜಿ ಮನ್ಯಾಗ ಬಟ್ಲರ್ ಇದ್ದ. ತೀರಿಕೊಂಡು ಆರು ವರ್ಷ.

ಇವತ್ತ ಅಂಗಳದಾಗ ಕುಂತಿದ್ದೆ. ಅಮ್ಮಾ ನೀರು ಕೊಡ್ತೇನಿ ಅಂತ ತಾಮ್ರದ ಹಂಡೇದಾಗ ಕೈ ಹಾಕಿದ್ಳು. ತಳದಿಂದ ಏನೋ ತೆಗದ್ಳು. ಸೆರಗಿಗೆ ಒರಸಿ ಕಿವಿಗೆ ಹಿಡದ್ಳು.

ವಾಚು. ಬಂಗಾರದ್ದು. ನಡ್ಯಾಕತ್ತಿತ್ತು!

"ನೀರಾಗ?" ಅಂದೆ.

"ನೀರಾಗಿಟ್ಟರೂ ಏನೂ ಆಗಂಗಿಲ್ಲ ಅಂತ ಅವರ ಹೇಳಿದ್ರು. ಶೇಟಜಿ ಕೊಟ್ಟಿದ್ದು. ಕಳ್ಳ ಬಂದ್ರ ಟ್ರಂಕ್ ಒಡೀತಾನ, ಗೋಡಿ ಒಡೀತಾನ. ಹಂಡೇದಾಗ ಯಾವ ಕಳ್ಳ ಕೈ ಹಾಕ್ತಾನಪಾ?"

ಆರು ವರ್ಷ. ನೀರಾಗ. ದಿನಾ ಮುಂಜಾನೆ ಹೊರಗ ತಗದು, ಒರಸಿ, ಕೀಲಿ ಕೊಟ್ಟು, ತಿರುಪು ಬಿಗದು, ಮತ್ತ ಹಂಡೆಕ್ಕ.

ನೀರು ಕುಡಿದ್ನೋ ಬಿಟ್ನೋ ನೆನಪಿಲ್ಲ. ನನಗ ಆ ವಾಚು ಬೇಕು. ದೇವರು ನನ್ನ ಕೈ ನೋಡೇ ಮಾಡಿಸ್ಯಾನ ಅದನ್ನ.

ಆಗಸ್ಟ್ 5

ಹಸನಸಾಬಗ ಹೇಳಿದೆ. ಭೂತಗನ್ನಡಿ ಕಣ್ಣಿಂದ ತಗದ. ಅದನ್ನ ಅವ ತಗದಾ ಅಂದ್ರ ದೊಡ್ಡ ಮಾತು.

"ಕೇಳೇನಿ, ಕಂಡಿಲ್ಲ ಉಳವಪ್ಪಣ್ಣ. ಕೀಲಿ ಕೊಡೋ ತಲಿ ಐತೆಲ್ಲಾ, ಅದನ್ನ ತಿರುಪಿ ಬಿಗದ್ರ ಬಾಟ್ಲಿ ಬೂಚಿದ್ದಂಗ. ಸಡ್ಲ ಬಿಟ್ರ ಮಾತ್ರ ಒಂದ ರಾತ್ರಿಗೆ ಸಾಯತೈತಿ."

ಮಧ್ಯಾಹ್ನ ಊಟ ಸೇರಲಿಲ್ಲ. ವೀರವ್ವ ಹಣಿ ಮುಟ್ಟಿ ನೋಡಿದ್ಳು.

ಆಗಸ್ಟ್ 11, ಗುರುವಾರ

ಆತು. ಆತು. ಆತು.

ನಮ್ಮ ದಂಧೇದಾಗ ಕಾಗದ-ಪತ್ರ ಇಲ್ಲ. ಎರಡು ಎಲಿ, ಒಂದು ಅಡಿಕಿ, ಮ್ಯಾಲ ಒಂದು ರೂಪಾಯಿ. ಎದುರಿನವ ಎತ್ತಿಕೊಂಡ್ರ ಮಾತು ಆದಂಗ. ಅಪ್ಪ ಇಡೀ ಇಡೀ ತ್ವಾಟ ಹಂಗ ಕೊಂಡಾನ. ಆಮ್ಯಾಲ ಯಾರೂ ಹಿಂದ ಸರಿಯಂಗಿಲ್ಲ.

ಅಮ್ಮಾರ ಮುಂದ ಎಲಿ-ಅಡಿಕಿ ಇಟ್ಟೆ. ರೂಪಾಯಿ ಇಟ್ಟೆ. "ವಾಚಿನ ಮಾತು, ಅಮ್ಮಾ" ಅಂದೆ. ಹೂಂ ಅಂದ್ಳು. ಎತ್ತಿಕೊಂಡ್ಳು. ಬಾಯಿಗೂ ಹಾಕಿಕೊಂಡ್ಳು.

ದಾರಿ ತುಂಬ ಎತ್ತಿನ ಜೋಡಿ ಮಾತಾಡಿಕೋಂತ ಬಂದೆ.

ಆಗಸ್ಟ್ 13

ಹಾನಗಲ್ಲ ಮೈಲಾರಪ್ಪಗ ಚೀಟಿ ಕಳಿಸಿದೆ. ಭತ್ತದ ವ್ಯಾಪಾರಿ. ಅವನ ಕಡೆ ಬಂಗಾರದ ವಾಚು ನಾಲ್ಕ ಅದಾವ. ನನ್ನ ಕಿಟಕಿ ವಾಚಿನ ಮ್ಯಾಲ ಆರು ವರ್ಷದಿಂದ ಕಣ್ಣು. "ನೀರಾಗ ಈಸೋ ವಾಚು ಬರಾಕತ್ತೈತಿ. ನೋಡಾಕ ಬರ್ರಿ, ಫೀ ಇಲ್ಲ" ಅಂತ ಬರದೆ. ಹೊಟ್ಟಿ ಉರಕೊಳ್ಲಿ.

ಆಗಸ್ಟ್ 18, ಗುರುವಾರ

ಮಾರಿ ಎಲ್ಲಿಡ್ಲಿ.

ಹುಲಗೂರಿಗೆ ಹೋದೆ. ಹೊಸಾ ಅಂಗಿ, ಹೊಸಾ ಪಟಗಾ. ಮಖಮಲ್ಲಿನ ಚೀಲಾ ಬ್ಯಾರೆ. "ಕೊಡ್ರಿ ಅಮ್ಮಾ" ಅಂತ ಕೈ ಚಾಚಿದೆ.

"ಏನ ಕೊಡ್ಲಿ?"

"ವಾಚು. ಎಲಿ ಎತ್ತಿಕೊಂಡ್ರಲ್ಲಾ."

ನಕ್ಕಳು ನೋಡು. ಕೆಮ್ಮು ಬರೂತನಕ ನಕ್ಕಳು. "ಇಪ್ಪತ್ತು ವರ್ಷದಿಂದ ನಿಮ್ಮ ಮನಿ ಎಲಿ ತಿನ್ನಾಕತ್ತೇನಿ. ಎಲಿಯವ ಎಲಿ ಕೊಟ್ರ ತಿನ್ನೂದ ಬಿಟ್ಟು ಮತ್ತೇನ ಮಾಡ್ಲಿ? ನಿನ್ನ ರೂಪಾಯಿ ಅಲ್ಲೇ ಗೂಡಿನಾಗ ಐತಿ. ಮರತ ಹೋಗ್ಯಾನ ಹುಚ್ಚ ಅಂತ ತಗದಿಟ್ಟೇನಿ."

ಬ್ಯಾರೆ ದಂಧೇದವ ಆಗಿದ್ರ ಈ ತಪ್ಪು ಮಾಡ್ತಿದ್ದಿಲ್ಲ. ಎಲಿಯವನ ಎಲಿಗೆ ಕಿಮ್ಮತ್ತಿಲ್ಲ.

ಆಮ್ಯಾಲ ಕುಂಡ್ರು ಅಂದ್ಳು. ನಿನ್ನ ಕಡೆ ಎಷ್ಟ ಅದಾವ ಅಂತ ಕೇಳಿದ್ಳು. ಐದು ಅಂದೆ. ಯಾರ ಕಟ್ಟಿಕೋತಾರ? ಯಾರೂ ಇಲ್ಲ. ಎಲ್ಲಿರತಾವ? ಪೆಟ್ಟಿಗ್ಯಾಗ.

"ಹಂಗಾರ ಪೆಟ್ಟಿಗಿಗೆ ನಾ ಕೊಡಂಗಿಲ್ಲ, ಉಳವಪ್ಪ. ಕೈಗೆ ಕೊಡ್ತೇನಿ. ಮೊದಲ ಆ ಐದನ್ನೂ ಐದು ಕೈಗೆ ಕಟ್ಟಿ ಬಾ."

"ನಿಮ್ಮದೂ ಹಂಡೇದಾಗ ಐತೆಲ್ಲಾ ಅಮ್ಮಾ" ಅಂದೆ. ಸಿಟ್ಟು ಬಂದಿತ್ತು.

"ನನಗ ಅದರ ಸಪ್ಪಳ ಬೇಕು. ಮುಂಜಾನೆ ಎದ್ದು ಹಂಡೆಕ್ಕ ಕಿವಿ ಹಚ್ತೇನಿ. ತಾಮ್ರದಾಗ ಟಿಕ್‌ಟಿಕ್ ಕೇಳತೈತಿ. ಅವರು ಎದ್ದಾರ ಅನಸ್ತೈತಿ."

ಬೆರಳು ತೋರಿಸಿದ್ಳು. ಗಂಟು ಗಂಟು ಆಗ್ಯಾವ. ತಿರುಪು ಬಿಗಿಯಾಗವಲ್ದು ಅಂದ್ಳು. ಮುಂದ ನೋಡಾವ್ರೂ ಯಾರಿಲ್ಲ. ಅದಕ್ಕ ಒಂದು ಕೈ ಹುಡಕಾಕತ್ತಾಳ.

ನಾನ ಬಿಗದು ಬಂದೆ. ಸಡ್ಲ ಇತ್ತು. ಖರೇನ ಸಡ್ಲ ಇತ್ತು.

ಆಗಸ್ಟ್ 30

ಹನ್ನೆರಡು ದಿನ ಬರಿಲಿಲ್ಲ. ಸಿಟ್ಟು. ಆಮ್ಯಾಲ ನಾಲ್ಕು ದಿನ ಹಿರೇಕೆರೂರಾಗ ಇದ್ದೆ, ತಂಗಿ ಸರೋಜವ್ವನ ಮನ್ಯಾಗ. ಹೆಣ್ಮಕ್ಕಳ ಸಾಲ್ಯಾಗ ಮಾಸ್ತರಾಕಿ. ಎಲ್ಲಾ ಹೇಳಿಕೊಂಡೆ. "ಅಣ್ಣಾ, ಕೊಡು" ಅಂದ್ಳು. ಅಷ್ಟ. ತಂಗಿ ಅಂತ ಹೋದ್ರ ಇದು ಮಾತು.

ಬಂದು ನೋಡ್ತೇನಿ, ಐದೂ ವಾಚು ನಡ್ಯಾಕತ್ತಾವ! ನಾಲ್ಕು ದಿನ ಕೀಲಿ ಇಲ್ಲ. ಸ್ವಿಸ್ ಮಾಲು ಅಂದ್ರ ಹಂಗ. ಹಸನಸಾಬ ಒಪ್ಪಂಗಿಲ್ಲ. ಯಾವ ವಾಚೂ ಒಂದೂವರಿ ದಿನದ ಮ್ಯಾಲ ನಡಿಯಂಗಿಲ್ಲಂತ. ಪ್ರತಿ ಸಲ ಊರಿಗೆ ಹೋಗಿ ಬಂದಾಗ ಇದೇ ಜಗಳ. ಕಣ್ಣಾರೆ ಕಂಡಾವ ನಾನು, ವಾದ ಮಾಡಾವ ಅವ.

ಇನ್ನೊಂದು ಸುದ್ದಿ. ಮೈಲಾರಪ್ಪ ಹುಲಗೂರಿಗೆ ಹೋಗಿದ್ನಂತ. ಮೂರು ಪಟ್ಟು ರೊಕ್ಕ ಕೊಡ್ತೇನಿ ಅಂದ್ನಂತ. ಅಮ್ಮಾ ಅವಂಗೂ "ನಿನ್ನ ನಾಲ್ಕು ಎಲ್ಲಿ ಅದಾವ?" ಅಂತ ಕೇಳಿದ್ಳಂತ. "ತಿಜೋರಿದಾಗ" ಅಂದ್ನಂತ. ಚಹಾನೂ ಕೊಡದ ಕಳಿಸ್ಯಾಳ. ನನಗ ಚಹಾ ಕೊಟ್ಟಿದ್ಳು. ಇವತ್ತ ಹೊಟ್ಟಿ ತುಂಬ ಉಂಡೆ.

ಸೆಪ್ಟೆಂಬರ್ 7

ಯುಕ್ತಿ ಹೊಳೀತು. ಕೊಡೂದು ಬ್ಯಾಡ, ಕಟ್ಟೂದು. ಒಂದ ದಿನಕ್ಕ.

ನಾಳಿ ಚಕ್ಕಡಿ ಹೂಡಿಸೂದು. ತ್ವಾಟದ ನೀಲಪ್ಪ, ಲಕ್ಷ್ಮಪ್ಪ, ಫಕ್ಕೀರಪ್ಪ, ಎಲಿ ಆರಿಸೋ ಸಿದ್ದವ್ವ, ವೀರವ್ವ. ಐದು ಕೈ, ಐದು ವಾಚು. ಅಮ್ಮಾ ನೋಡ್ತಾಳ, ಕೊಡ್ತಾಳ. ಸಂಜೀಕ ಎಲ್ಲಾ ವಾಪಸ್ ಪೆಟ್ಟಿಗ್ಯಾಗ.

ಹಸನಸಾಬನ್ನ ಕರದೆ. "ಸುಳ್ಳಿನ ಗಾಡಿ ನಾ ಹತ್ತಂಗಿಲ್ಲ" ಅಂದ. ಬ್ಯಾಡ ಬಿಡು.

ಸೆಪ್ಟೆಂಬರ್ 8, ಗುರುವಾರ

ಬರೀಬಾರದು ಅನಕೊಂಡಿದ್ದೆ. ನಗು ತಡಿಯಾಕ ಆಗವಲ್ದು, ಬರೀತೇನಿ.

ದಾರ್‍ಯಾಗ ಮಂದಿ ನಿಂತು ನಿಂತು ನೋಡಿದ್ರು. ನೀಲಪ್ಪ ಕೈ ಆಕಾಶಕ್ಕ ಎತ್ತಿ ಕುಂತಿದ್ದ, ವಾಚಿಗೆ ಬಿಸಲು ಬೀಳ್ಲಿ ಅಂತ. ಕೆಳಗ ಇಳಸೋ ಅಂದ್ರ "ರಕ್ತ ಇಳದು ಬಂದ್ರ ವಾಚು ಕೆಡತೈತ್ರಿ" ಅಂದ. ಸಿದ್ದವ್ವಗ ಕಿಟಕಿ ವಾಚು. ಅಂಕಿ ಜಿಗದಾಗ ಒದರಿ ಲಕ್ಷ್ಮಪ್ಪನ ಮ್ಯಾಲ ಬಿದ್ಳು.

ಅಮ್ಮಾ ಐದೂ ಮಂದೀನ ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಟ್ಳು. ಆಮ್ಯಾಲ ನೀಲಪ್ಪಗ ಕೇಳಿದ್ಳು, "ಇವತ್ತ ಕೀಲಿ ಎಷ್ಟು ಸುತ್ತು ಕೊಟ್ಟಿ?"

ನೀಲಪ್ಪ ನನ್ನ ಮಾರಿ ನೋಡಿದ. "ಧಣ್ಯಾರ ಕೊಟ್ಟಾರ್ರಿ."

"ತಾಸು ಎಷ್ಟಾತು?"

"ಅದನ್ನೂ ಧಣ್ಯಾರ ಹೇಳ್ತಾರ್ರಿ."

ಲಕ್ಷ್ಮಪ್ಪ, ಫಕ್ಕೀರಪ್ಪ ನೆಲ ನೋಡಿದ್ರು. ಸಿದ್ದವ್ವ ವಾಚನ್ನ ಸೆರಗಿನಾಗ ಮುಚ್ಚಿಕೊಂಡ್ಳು. ನಾನು ಭೂಮಿ ಬಾಯಿ ಬಿಡ್ಲಿ ಅಂತ ಕುಂತಿದ್ದೆ. ಕಡೀಕ ವೀರವ್ವನ ಸರದಿ.

"ಈ ಚೌಕಿನದಕ್ಕ ಹದಿನೆಂಟು ಸುತ್ರಿ" ಅಂದ್ಳು. "ಹತ್ತೊಂಬತ್ತನೇದಕ್ಕ ತಡೀತೈತಿ, ಜೋರ ಮಾಡಬಾರದು. ದಿನಕ್ಕ ನಾಲ್ಕು ಮಿನೀಟ ಹಿಂದ ಬೀಳತೈತಿ. ಚಂದ್ರಂದಕ್ಕ ಇಪ್ಪತ್ತೆರಡು. ಗುಂಡಂದು ಥಂಡಿದಾಗ ಜರಾ ಬಿಗೀತೈತಿ, ಅಂಗೈಯಾಗ ಬೆಚ್ಚಗ ಹಿಡದು ಆಮ್ಯಾಲ ಕೊಡಬೇಕ್ರಿ."

ನಾ ಬಾಯಿ ತಗದೆ. ಆಕಿ ನನ್ನ ಕಡೆ ತಿರುಗಿ, "ನೀವು ಊರಾಗ ಇಲ್ಲದಾಗ ಅವು ತಾವ ನಡೀತಾವ ಅನಕೊಂಡೀರೇನು?" ಅಂದ್ಳು.

ಅಮ್ಮಾ ಆಕಿ ಕೈ ಹಿಡಕೊಂಡ್ಳು. "ಒಂದು ಆತು, ಉಳವಪ್ಪ. ಇನ್ನೂ ನಾಲ್ಕು."

ಸ್ವಿಸ್ ಮಾಲು. ನಾಲ್ಕು ದಿನ. ಹಸನಸಾಬಗ ಯಾವ ಮಾರಿಲೆ ಹೇಳ್ಲಿ.

ಸೆಪ್ಟೆಂಬರ್ 9

ಮುಂಜಾನೆ ಪೆಟ್ಟಿಗಿ ತಗದೆ. ನಾಲ್ಕ. ಚೌಕಿನದು ಅಡಗಿ ಮನ್ಯಾಗ, ರೊಟ್ಟಿ ಬಡಿಯೋ ಕೈಯಾಗ. ಹಿಟ್ಟು ಹೊಕ್ಕೀತು ಅನ್ನಾಕ ಹೋದೆ. ಬಿಟ್ಟೆ. ಎಷ್ಟು ವರ್ಷದಿಂದ ಕಟ್ಟಿಕೊಳ್ಳಾಕತ್ತಿ ಅಂತ ಕೇಳಿದೆ.

"ನೀವು ತ್ವಾಟಕ್ಕ ಹೋದ ಮ್ಯಾಲ ದಿನಾ. ನೀವು ಬರೂ ಮುಂದ ಪೆಟ್ಟಿಗ್ಯಾಗ. ಒಂಬತ್ತು ವರ್ಷ ಆತು."

"ಹೇಳಬೇಕಿತ್ತಲ್ಲ."

"ಕೇಳಬೇಕಿತ್ತಲ್ರಿ."

ಆ ಸಣ್ಣ ವಾಚು ಇಷ್ಟು ಚಂದ ಐತಿ ಅಂತ ನನಗ ಗೊತ್ತಿದ್ದಿಲ್ಲ. ಖರೇ ಹೇಳ್ತೇನಿ. ಮಖಮಲ್ಲಿನ ಮ್ಯಾಲ ಹಿಂಗ ಕಾಣ್ತಿದ್ದಿಲ್ಲ.

ಸೆಪ್ಟೆಂಬರ್ 22, ಗುರುವಾರ

ಹುಲಗೂರು. ಅಮ್ಮಾರ ವಾಚಿನ ಗಾಜಿನ ಒಳಗ ಮಂಜು. ತಿರುಪು ಪೂರಾ ಬಿಗದಿದ್ದಿಲ್ಲ. ಇನ್ನೂ ನಡ್ಯಾಕತ್ತಿತ್ತು, ತಡದು ತಡದು.

ಹೋಗಿ ಹಸನಸಾಬನ್ನ ಕರಕೊಂಡು ಬಂದೆ. ಈ ಸಲ ಗಾಡಿ ಹತ್ತಿದ. ಅಮ್ಮಾರ ಅಂಗಳದಾಗ ಬಿಳೇ ಬಟ್ಟಿ ಹಾಸಿ ಬಿಚ್ಚಿದ. ಎರಡು ಹನಿ. ಅಷ್ಟ. ಬತ್ತಿಸಿ, ಒರಸಿ, ಎಣ್ಣಿ ಹಾಕಿ ಮುಚ್ಚಿದ. ಉಳೀತು.

"ಇನ್ನೊಂದ ಸಲ ಆದ್ರ ನಾನೂ ಏನೂ ಮಾಡಾಕ ಬರಂಗಿಲ್ಲ" ಅಂದ.

ಹಂಡೇದಾಗ ಇಡಬ್ಯಾಡ್ರಿ ಅಮ್ಮಾ ಅಂತ ಕೈ ಮುಗದೆ. "ಮತ್ತ ಎಲ್ಲಿಡ್ಲಿ?" ಅಂದ್ಳು. ನನ್ನ ಕಡೆ ಜವಾಬು ಇತ್ತು, ಕೊಡಾಕ ಮನಸು ಬರವಲ್ದು.

ಸೆಪ್ಟೆಂಬರ್ 28

ನಿದ್ದಿ ಇಲ್ಲ. ಪೆಟ್ಟಿಗಿ ತಗೀತೇನಿ, ಮುಚ್ತೇನಿ. ನಾಲ್ಕು ಮಲಗ್ಯಾವ, ಒಂದು ಮುಳಗಾಕತ್ತೈತಿ. ಕಿಟಕಿ ವಾಚಿಗಾಗಿ ಬೆಳಗಾಂವಿಗೆ ಒಂಬತ್ತು ಸಲ ಹೋಗೇನಿ. ಒಂಬತ್ತು ಸಲ!

ವೀರವ್ವ ಮಗ್ಗಲು ತಿರುವಿ, "ಸೋಮವಾರ ಬನ್ನಿ ಹಬ್ಬ" ಅಂದ್ಳು.

ಅಕ್ಟೋಬರ್ 3, ಸೋಮವಾರ. ಬನ್ನಿ

ಕೊಟ್ಟೆ.

ಊರೆಲ್ಲಾ ಬನ್ನಿ ಎಲಿ ಹಿಡಕೊಂಡು ತಿರಗತೈತಿ. ಬನ್ನಿ ಕೊಡೂದು, ಬಂಗಾರದಂಗ ಇರೋಣ ಅನ್ನೂದು. ಹುಟ್ಟಿದಾಗಿಂದ ಅಂದೇನಿ. ಎಲಿಗೆ ಬಂಗಾರ ಅನ್ನೂದು ಮಂದಿ ಹಬ್ಬದಾಗ ಅಷ್ಟ. ನಮ್ಮ ಮನ್ಯಾಗ ದಿನಾ.

ಮೊದಲ ಹಸನಸಾಬನ ಅಂಗಡಿ. ಬನ್ನಿ ಕೊಟ್ಟೆ. ತಗೊಂಡ, ವರ್ಷಾ ತಗೋತಾನ. ಕೆಳಗ ಚಂದ್ರನ ವಾಚಿತ್ತು. ಮೂವತ್ತು ವರ್ಷ ಮಂದಿ ಬಂಗಾರದ ವಾಚು ಬಿಚ್ಚಿ ಕಟ್ಯಾನ. ತನ್ನ ಕೈಗೆ ಹಿತ್ತಾಳಿದೂ ಇಲ್ಲ. ಕಿವಿಗೆ ಹಿಡದ. ಭೂತಗನ್ನಡಿ ಒರಸಿದ, ಮತ್ತ ಒರಸಿದ.

"ಇದಕ್ಕ ಎಣ್ಣಿ ಹಾಕೋ ವ್ಯಾಳ್ಯಾ ಆಗೇತಿ, ಉಳವಪ್ಪಣ್ಣ" ಅಂದ.

"ಇನ್ನ ಈದ್ ಚಂದ್ರ ನೋಡಾಕ ಮಸೂತಿ ಮ್ಯಾಲ ಹತ್ತೂದ ಬ್ಯಾಡ" ಅಂದೆ.

"ಹತ್ತತೇನಿ. ಎರಡೂ ಕೂಡ್ತಾವೋ ಇಲ್ಲೋ ನೋಡಬೇಕಲ್ಲ."

ಗುಂಡಂದು ಸರೋಜವ್ವಗ, ಹಬ್ಬಕ್ಕ ಬಂದಾಳ. ಸಾಲಿ ಗಂಟಿ ಇನ್ನ ಅಂದಾಜಿಲೆ ಹೊಡಿಯೂದಿಲ್ಲ ಅಂದ್ಳು. ಮುಚ್ಚಳದ್ದು ಶಿಗ್ಗಾಂವಿ ಮೋಟಾರಿನ ಡ್ರೈವರ್ ಖಲಂದರಗ. ಅವನ ಮೋಟಾರು ಮಂದಿ ತುಂಬಿದಾಗ ಹೊಂಡತೈತಿ, ವ್ಯಾಳ್ಯಾಕ್ಕಲ್ಲ. ಅರ್ಧಾ ಜಿಲ್ಲಾದ ಪರವಾಗಿ ಕೊಟ್ಟೆ.

ಅಳು ಬರತೈತಿ ಅನಕೊಂಡಿದ್ದೆ. ಬರಲಿಲ್ಲ. ಹಗರ ಆಗೇತಿ ಮೈ.

ಅಕ್ಟೋಬರ್ 5. ಹಾನಗಲ್ಲ

ಕಿಟಕಿ ವಾಚು ಬೇಕಂತ ಮೈಲಾರಪ್ಪಗ ಇಟ್ಟಿದ್ದೆ. ಬಂಗಾರದ ಮ್ಯಾಲ ಜೀವ ಇಡಾವಗ ಕೊಡಬೇಕು. ಮತ್ತ — ಇದನ್ನೂ ಬರೀತೇನಿ — ಅವನ ಮಾರಿ ನೋಡಬೇಕಿತ್ತು ನನಗ.

ಖಲಂದರನ ಮೋಟಾರು ಹೇಳಿದ ಮಿನೀಟಿಗೆ ಹೊಂಟಿತು. ಆರು ಮಂದಿ ಹಿಂದ ಓಡಿ ಬಂದು ಬೈದ್ರು.

ಮೈಲಾರಪ್ಪ ಬನ್ನಿ ತಗೊಂಡ. ವಾಚು ನೋಡಿ ಹಿಂದ ಸರದ. "ಕೆಟ್ಟೈತೇನು?"

"ಇಲ್ಲ."

"ಮತ್ತೇನ ಬೇಕು ನಿನಗ?"

"ಕಟ್ಟಿಕೋ. ತಿಜೋರಿದಾಗ ಇಡಬ್ಯಾಡ. ಅಷ್ಟ."

ನಂಬಲಿಲ್ಲ. ಐದಕ್ಕ ಹತ್ತು ಮಿನೀಟಿತ್ತು. ಇಬ್ಬರೂ ಪಡಸಾಲ್ಯಾಗ ವಾಚು ನೋಡಿಕೋಂತ ಕುಂತ್ವಿ, ಮೊಣಕಾಲು ಮೊಣಕಾಲಿಗೆ ತಾಗಿಸಿ. ಠಕ್. ಐದು. ಮೈಲಾರಪ್ಪ ಸಣ್ಣ ಕೂಸಿನಂಗ ನಕ್ಕ. ಆರು ವರ್ಷದ ವೈರಿ! ಆರರದು ನೋಡಿ ಹೋಗು ಅಂದ. ಆರರದು ನೋಡಿ ಊಟಾ ಮಾಡಿ ಮಲಗಾಕತ್ತೇನಿ, ಅವನ ಮನ್ಯಾಗ.

"ಮನಿಗೆ ಹೋಗಿ ಕೊಟ್ಟಿದ್ದಕ್ಕ ಅಳತಿ ನೋಡು" ಅಂದ.

"ಅತ್ರ ಇಲ್ಲೇ ಬಂದು ಅಳತೇನಿ" ಅಂದೆ.

ಅಕ್ಟೋಬರ್ 6, ಗುರುವಾರ. ಹುಲಗೂರು

ಹಾನಗಲ್ಲಿಂದ ನೆಟ್ಟಗ ಬಂದೆ. ಬರಿಗೈಲೆ, ಚೀಲಾನೂ ಇಲ್ಲ. ಅಮ್ಮಾ ಯಾರ್‍ಯಾರಿಗೆ ಅಂತ ಕೇಳಿದ್ಳು. ಒಂದೊಂದ ಹೇಳಿದೆ. ಮೈಲಾರಪ್ಪನ ಹೆಸರು ಬಂದಾಗ ಹುಬ್ಬು ಏರಿಸಿದ್ಳು.

ಒಳಗ ಹೋದ್ಳು. ಗೂಡಿನಾಗಿನ ನನ್ನ ರೂಪಾಯಿ ತಂದ್ಳು. ಎರಡು ಎಲಿ, ಅಡಿಕಿ. ಅದರ ಮ್ಯಾಲ ವಾಚು.

"ಈಗ ನೀ ಎತ್ತಿಕೋ" ಅಂದ್ಳು.

ಎತ್ತಿಕೊಂಡೆ. ಎಲಿ ಬಾಯಿಗೆ ಹಾಕಿಕೊಂಡೆ. ಆಕಿನ ಕಟ್ಟಿದ್ಳು, ಆ ಗಂಟಿನ ಬೆರಳಿಲೆ. ಭಾಳ ಹೊತ್ತು ಹಿಡೀತು. ನಾ ಕೈ ಕದಲಸ್ಲಿಲ್ಲ.

ಅಕ್ಟೋಬರ್ 10

ಹಸೀ ಎಲಿ ಬುಟ್ಟಿ, ನೀರು, ನನ್ನ ಕೈ, ಅದರ ಮ್ಯಾಲ ಬಂಗಾರ. ದಿನಕ್ಕ ಮೂರು ಸಲ ತಿರುಪು ಮುಟ್ಟಿ ನೋಡ್ತೇನಿ. ಗಿರಾಕಿ ಮುಂದ ಬೇಕಂತ ಮೊಣಕೈತನಕ ನೀರಾಗ ಹಾಕ್ತೇನಿ. ವೀರವ್ವ ನೋಡಿ, "ಎಲಿಗೆ ನೀರ ಹೊಡೀರಿ, ವಾಚಿಗಲ್ಲ" ಅಂತಾಳ. ಆಕಿ ಗಡಿಯಾರ ನನ್ನದಕ್ಕಿಂತ ನಾಲ್ಕು ಮಿನೀಟ ಹಿಂದ. ತನ್ನದ ಖರೇ ಅಂತಾಳ.

ಅಕ್ಟೋಬರ್ 13, ಗುರುವಾರ

ಹುಲಗೂರಿಗೆ ಎಲಿ ಒಯ್ದೆ. ಅಮ್ಮಾ ಹಂಡೇ ಬಾಜೂಕ ಕುಂತಿದ್ಳು. ವಾಚು ಹೆಂಗೈತಿ ಅಂತ ಕೇಳಿದ್ಳು. ತೋರಿಸಿದೆ. ಚಲೋ ಆತು ಅಂದ್ಳು. ಆಮ್ಯಾಲ ಹಂಡೇ ಮ್ಯಾಲ ಕೈ ಆಡಿಸಿದ್ಳು.

"ಏನ ಅಮ್ಮಾ?"

"ಏನಿಲ್ಲಪಾ. ಹಂಡೆ ಸುಮ್ನ ಐತಿ. ಮುಂಜಾನೆ ಎದ್ದು ರೂಢೀ ಪ್ರಕಾರ ಕಿವಿ ಹಚ್ತೇನಿ. ಹಚ್ಚಿದ ಮ್ಯಾಲ ನೆನಪಾಗತೈತಿ."

ಇದು ನನಗ ಹೊಳದಿದ್ದಿಲ್ಲ. ಏಳು ದಿನ ವಾಚು ನೋಡಿ ನೋಡಿ ಕುಣದೇನಿ, ಒಂದ ಸಲನೂ ಹೊಳದಿಲ್ಲ. ಎಂಥಾ ಮನಶ್ಯಾ ನಾನು.

ತಿರುಪು ಬಿಗದೆ. ಅಂಗಿ ತೋಳು ಮ್ಯಾಲ ಸರಿಸಿದೆ. ಹಂಡೇ ಮುಂದ ಮೊಣಕಾಲೂರಿದೆ.

"ಏ ಏ, ನೀವು ಲಿಂಗವಂತ್ರು. ನಮ್ಮ ಕುಡಿಯೋ ನೀರಾಗ... ಮಂದಿ ನೋಡ್ಯಾರು."

"ನೋಡ್ಲಿ ಅಮ್ಮಾ. ಹಸೀ ಕೈಯಿನಾವ ನಾನು. ನಿಮಗ ನಡೀತೈತಿಲ್ಲೋ ಹೇಳ್ರಿ."

ಹಂಡೇ ಮುಚ್ಚಳಾ ಸರಿಸಿದ್ಳು. ನೀರಾಗ ಕೈ ಬಿಟ್ಟೆ. ತಣ್ಣಗ ಕೊರೀತು. ವಾಚು ತಾಮ್ರಕ್ಕ ತಾಗೂವಂಗ ಒತ್ತಿ ಹಿಡದೆ. ಅಮ್ಮಾ ಆ ಕಡಿಂದ ಕಿವಿ ಹಚ್ಚಿದ್ಳು. ಕಣ್ಣು ಮುಚ್ಚಿದ್ಳು.

"ಎದ್ದಾರ" ಅಂದ್ಳು.

ಕೈ ಜೋಮು ಹಿಡೀತು. ತಗೀಲಿಲ್ಲ. ಹೊರಗ ಎತ್ತು ಕೊರಳಗಂಟಿ ಆಡಿಸಿದ್ವು, ಯಾರೋ ಎಲಿ ಕೇಳಿಕೋಂತ ಬಂದ್ರು, ಹೋದ್ರು. ಎಷ್ಟೊತ್ತು ಹಂಗ ಕುಂತಿದ್ವೋ ನೋಡೋಣಂದ್ರ, ವಾಚು ನೀರಾಗ —